ನೆತ್ತಿಗೆ ಹತ್ತುವ ಮುನ್ನ

ಉಣ್ಣುತ್ತಿದ್ದ ಮಗುವಿಗೆ ಕೆಮ್ಮು ಒತ್ತರಿಸಿ ಬಂದರೆ ಅಜ್ಜಿ ನೆತ್ತಿ ತಟ್ಟಿ, 'ಯಾರೋ ನೆನೆಸ್ಕೊಂಡ್ರು ಕಂದಾ' ಅನ್ನುತ್ತಾರೆ. ಅನ್ನ ನೆತ್ತಿಗೇನೂ ಹತ್ತಿರುವುದಿಲ್ಲ. ಒಂದೆರಡು ಅಗುಳು ದಾರಿ ತಪ್ಪಿ ಶ್ವಾಸನಾಳದ ಬಾಗಿಲು ತಟ್ಟಿರುತ್ತವೆ, ಅಷ್ಟೆ. ಆದರೂ ಅಜ್ಜಿಯ ಕೈ ತೀರಾ ತಪ್ಪಾದ ಕಡೆಗೆ ಹೋಗಿಲ್ಲ: ನುಂಗುವ ಕೆಲಸದ ಯಜಮಾನಿಕೆ ಇರುವುದು ತಲೆಯೊಳಗೇ.

ಗಂಟಲಿನ ಮುಂಭಾಗಕ್ಕೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ. ಧ್ವನಿಪೆಟ್ಟಿಗೆ ಚಕ್ಕನೆ ಮೇಲೇರಿ ಇಳಿಯುತ್ತದೆ. ಈಗ ಬಿಡದೆ ಐದಾರು ಸಲ ನುಂಗಿ. ಮೂರು ನಾಲ್ಕಕ್ಕೇ ಗಂಟಲು ಹಟ ಹಿಡಿಯುತ್ತದೆ, ಏಕೆಂದರೆ ನುಂಗಲು ಅಲ್ಲಿ ಏನೂ ಉಳಿದಿರುವುದಿಲ್ಲ. ತುತ್ತನ್ನು ನಾಲಗೆ ಹಿಂದಕ್ಕೆ ತಳ್ಳುವವರೆಗೆ ಮಾತ್ರ ನಮ್ಮ ಇಷ್ಟ. ಗಂಟಲಿಗೆ ಏನೋ ತಗುಲಿದ ಸುದ್ದಿ ಮೆದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಮುಟ್ಟಿತೆಂದರೆ ಮುಂದಿನದು ಅದರ ಪಾಲು. ಸುಮಾರು 25 ಜೊತೆ ಸ್ನಾಯುಗಳು ಒಂದರ ಹಿಂದೊಂದು ದುಡಿದು, ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ತುತ್ತು ಅನ್ನನಾಳ ಸೇರುತ್ತದೆ.

ಈ ಸರದಿ ತಪ್ಪದಂತೆ ಕಾಯುವುದು ರಾಸಾಯನಿಕಗಳು. ಮೆಡುಲ್ಲಾದಲ್ಲಿ ಗ್ಲುಟಮೇಟ್ 'ಹೊರಡು' ಎಂದರೆ, ಗಾಬಾ 'ತಾಳು, ನಿನ್ನ ಸರದಿ ಬಂದಿಲ್ಲ' ಎನ್ನುತ್ತದೆ. ನರದ ತುದಿಯಿಂದ ಗಂಟಲಿನ ಸ್ನಾಯುವಿಗೆ ಆಜ್ಞೆ ದಾಟಿಸುವುದು ಅಸಿಟೈಲ್‌ಕೋಲಿನ್. ಕೆಳಗೆ ಹೊಟ್ಟೆಯ ಬಾಗಿಲನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡ್. ತಾಯ್ತಂದೆಯರು ಈ ಹೆಸರುಗಳನ್ನು ಮರೆತರೂ ಅಡ್ಡಿಯಿಲ್ಲ. ಮರೆಯಬಾರದ್ದು ಬೇರೆ ಇದೆ: ಉಸಿರಾಟದ ಉಸ್ತುವಾರಿಯೂ ಇದೇ ಮೆಡುಲ್ಲಾದ್ದು. ತುತ್ತಿಗೂ ಉಸಿರಿಗೂ ಗಂಟಲು ಒಂದೇ ಹಾದಿಯಾದ್ದರಿಂದ, ನುಂಗುವ ಗಳಿಗೆ ಉಸಿರನ್ನು ಅದು ನಿಲ್ಲಿಸಲೇಬೇಕು.

ಅಳುವ ಮಗುವಿಗೆ ಬೇಕಾಗಿರುವುದು ಉಸಿರು. ಅದನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆದಾಗ ಒಳಲೆಯಿಂದ ರಾಗಿ ಸರಿ ಸುರಿದರೆ ಮೆಡುಲ್ಲಾಕ್ಕೆ ಏಕಕಾಲಕ್ಕೆ ಎರಡು ಎದುರುಬದುರು ಬೇಡಿಕೆ ಹೋಗುತ್ತವೆ. ಮೂಗು ಹಿಡಿದು ಕುಡಿಸುವುದಂತೂ ಇನ್ನೂ ಕೆಟ್ಟದ್ದು. ಒಳಲೆಯ ಮೇಲೆ ನನಗೆ ಸಿಟ್ಟಿಲ್ಲ. ತಲೆ ಎತ್ತರಿಸಿ ಕೂರಿಸಿಕೊಂಡು, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಎಂದು ಹಾಕಿದರೆ ಅದು ಒಳ್ಳೆಯ ಸಾಧನವೇ. ಚೀಪು, ನುಂಗು, ಉಸಿರಾಡು ಎಂಬ ತಾಳ ಕೂಡಿಬರುವುದು ಗರ್ಭದ ಸುಮಾರು 34ನೇ ವಾರಕ್ಕೆ. ಅದಕ್ಕೂ ಮೊದಲೇ ಹುಟ್ಟಿದ ಕೂಸಿಗೆ ಮೂಗಿನ ನಳಿಕೆಯಿಂದ ಹಾಲು ಕೊಡುವುದನ್ನು ಕಂಡು ಕಂಗೆಡಬೇಡಿ, ತಾಳ ಕೂಡುವವರೆಗಿನ ಏರ್ಪಾಡು ಅದು.

ಇನ್ನು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ. ಮಾತು ಚೆನ್ನಾಗಿ ಬರಲೆಂಬ ಆಸೆ ಅದರ ಹಿಂದಿದೆ, ನಗುವಂಥದ್ದಲ್ಲ. ಆದರೆ ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳಿರುತ್ತವೆ. ದೊಡ್ಡವರ ಕರುಳಲ್ಲಿ ಅವು ಸಾಮಾನ್ಯವಾಗಿ ಮೊಳೆಯುವುದಿಲ್ಲ, ಹಸುಗೂಸಿನ ಕರುಳಲ್ಲಿ ಮೊಳೆತು ವಿಷ ಬಿಡಬಲ್ಲವು. ಆ ವಿಷ ಮಾಡುವುದು ಒಂದೇ ಕೆಲಸ: ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ತಡೆಯುವುದು. ಮೆದುಳು ಆಜ್ಞೆ ಕೊಡುತ್ತಲೇ ಇರುತ್ತದೆ, ಸ್ನಾಯುವಿಗೆ ತಲುಪುವುದಿಲ್ಲ. ಮಲ ಕಟ್ಟುತ್ತದೆ, ಅಳು ಕ್ಷೀಣಿಸುತ್ತದೆ, ಚೀಪಲು ಬಲವಿರುವುದಿಲ್ಲ. ಅಪರೂಪದ ಕಾಯಿಲೆ, ನಿಜ. ಆದರೂ ವರ್ಷ ತುಂಬುವವರೆಗೆ ಜೇನು ಖಂಡಿತ ಬೇಡ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು.

ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ನಾಲ್ಕು ವರ್ಷದೊಳಗಿನವರ ಕೈಗೆ ಸಿಗದಿರಲಿ. ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದ ತುತ್ತಿಗಾಗಿ ಬಾಯಿಗೆ ಬೆರಳು ಹಾಕಬೇಡಿ. ದನಿಯೇ ನಿಂತರೆ ಅದು ತುರ್ತು. ವರ್ಷದೊಳಗಿನ ಕೂಸನ್ನು ತೋಳಿನ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ಬೆನ್ನಿನ ನಡುವೆ ಅಂಗೈ ಬುಡದಿಂದ 5 ಬಾರಿ ಹೊಡೆಯುತ್ತ ನೆರವಿಗೆ ಕೂಗಿ, 108ಕ್ಕೆ ಕರೆ ಮಾಡಿಸಿ.

ಪ್ರತಿ ಸಲ ಉಣಿಸುವಾಗಲೂ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ಮೂಗಿನಿಂದ ಹಾಲು, ಪದೇಪದೇ ನ್ಯುಮೋನಿಯಾ ಇದ್ದರೆ 'ದೊಡ್ಡವನಾದ ಮೇಲೆ ಸರಿಹೋಗುತ್ತೆ' ಎಂದು ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಹೋಗುವಾಗ ಮಗು ಉಣ್ಣುವ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ನಮ್ಮ ಕೊಠಡಿಗೆ ಬಂದ ಮಕ್ಕಳು ಎಷ್ಟೋ ಸಲ ಬಾಯೇ ತೆರೆಯುವುದಿಲ್ಲ.