ಎಂಜಿನ್ ಹೊರುವ ಹಲಗೆ ಗಟ್ಟಿ ಇದೆಯೇ?

ಹಳೆಯ ಫೈಬರ್ ದೋಣಿ ಇರುವವರು ಔಟ್‌ಬೋರ್ಡ್ ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯನ್ನು ಒಮ್ಮೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಎಂಜಿನ್ ಎತ್ತುವಾಗ ಹಲಗೆ ಬಾಗಿದರಂತೂ ಅನುಮಾನವೇ ಬೇಡ. ಹೊರಗೆ ಬಣ್ಣ ಮಿರಮಿರ ಹೊಳೆಯುತ್ತಿದ್ದರೂ ಒಳಗಿನ ಪ್ಲೈವುಡ್ ಬೋಲ್ಟ್ ತೂತುಗಳಿಂದ ನೀರು ಕುಡಿದು ಮೆತ್ತಗಾಗಿರುತ್ತದೆ.

ಮೇಲಿಂದ ಎರಡು ಪದರ ಫೈಬರ್ ಮ್ಯಾಟ್ ಹಚ್ಚಿ ಕೈತೊಳೆದುಕೊಳ್ಳುವುದು ಹುಳುಕು ಹಲ್ಲಿಗೆ ಬಣ್ಣ ಬಳಿದಂತೆ. ಒಳಬದಿಯ ಫೈಬರ್ ಕತ್ತರಿಸಿ, ಹೊರಪದರ ಉಳಿಸಿಕೊಂಡು, ಕೊಳೆತ ಮರವನ್ನೆಲ್ಲ ಕೆತ್ತಿ ತೆಗೆಯಿರಿ. ಉಜ್ಜುವಾಗ ಮಾಸ್ಕ್ ಇರಲಿ; ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಲ್ಲ ಪೂರ್ತಿ ಒಣಗುವ ತನಕ ಕಾಯಿರಿ. ಮಳೆಗಾಲದ ತೇವದಲ್ಲಂತೂ ಆತುರ ಸಲ್ಲದು.

ಆ ಜಾಗಕ್ಕೆ ಕೂರಿಸುವ ಹೊಸ ಪ್ಲೈವುಡ್ ಮೇಲೆ ಮೆರೈನ್ ಪ್ಲೈನ ಐಎಸ್ 710 ಮುದ್ರೆ ನೋಡಿಯೇ ಕೊಳ್ಳಿ, ಕಪಾಟಿನ ಪ್ಲೈ ಬೇಡ. ಹಳೆಯ ಫೈಬರ್‌ಗೆ ಪಾಲಿಯೆಸ್ಟರ್ ರಾಳಕ್ಕಿಂತ ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆ. ದುಬಾರಿ, ನಿಜ. ಅದರ ಜೊತೆ ಮಾಮೂಲಿ ಮ್ಯಾಟ್ ಬದಲು ನೇಯ್ದ ಫೈಬರ್ ಬಟ್ಟೆ ಬಳಸಿ. ಕೊನೆಗೆ ಬೋಲ್ಟ್ ತೂತುಗಳನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ನಡುವೆ ಸರಿಯಳತೆಯ ತೂತು ಹಾಕಿ. ಆಮೇಲೆ ಬೋಲ್ಟ್ ಪಕ್ಕದಿಂದ ನೀರು ಜಿನುಗಿದರೂ ಮರಕ್ಕೆ ತಾಗುವುದಿಲ್ಲ.