ಬಸುರಿಯ ಮಾತ್ರೆ, ಕೂಸಿನ ತೂಕ

ಹುಟ್ಟಿದಾಗ ಎರಡೂವರೆ ಕಿಲೋ ತೂಗದ ಕೂಸಿಗೆ ಸೋಂಕು ಬೇಗ ತಗಲುತ್ತದೆ, ಮೈ ಬೇಗ ತಣ್ಣಗಾಗುತ್ತದೆ. ತೂಕ ಕಡಿಮೆಯಾಗಲು ಕಾರಣ ಹಲವು. ತಾಯಿಯ ರಕ್ತಹೀನತೆ ಅದರಲ್ಲೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 52ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ. ಅದನ್ನು ತಡೆಯುವ ಮಾತ್ರೆಯನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ. ನಾವು ಎಡವುವುದು ಅದನ್ನು ನುಂಗುವ ಕ್ರಮದಲ್ಲಿ.

ಮೊದಲಿಗೆ ಫೋಲಿಕ್ ಆಸಿಡ್. ಮಗು ಬೇಕೆಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿ, ಬಸಿರಿಗೆ ಮೂರು ತಿಂಗಳು ತುಂಬುವವರೆಗೂ ಬಿಡಬೇಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮುಟ್ಟು ನಿಂತದ್ದು ಗೊತ್ತಾಗುವ ಹೊತ್ತಿಗೇ. ಆಮೇಲೆ ಶುರು ಮಾಡಿದರೆ ತಡವಾದಂತೆಯೇ.

ನಾಲ್ಕನೇ ತಿಂಗಳಿಂದ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಕಬ್ಬಿಣವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿನದು: 500 ಮಿಲಿಗ್ರಾಂನದು ದಿನಕ್ಕೆರಡು ಸಲ, ಬೆಳಗ್ಗೆ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ. ನಾಲ್ಕನೇ ತಿಂಗಳ ನಂತರ ಜಂತುಹುಳುವಿನ ಮಾತ್ರೆ ಒಂದು ಸಲ, ವೈದ್ಯರು ಹೇಳಿದಾಗ.

ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ್ದೇ ಬಣ್ಣ. ಮಲಬದ್ಧತೆಯಾದರೆ ನೀರು, ಸೊಪ್ಪು ಹೆಚ್ಚಿಸಿ. ಮಾತ್ರೆಯಿಂದ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಮನೆಯ ಹಿರಿಯರು ಹೇಳಬಹುದು. ಎರಡೂ ಸುಳ್ಳು. ಅವರಿಗೆ ಎದುರಾಡಲು ಸಂಕೋಚವಾದರೆ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ನರ್ಸಮ್ಮನೇ ಹೇಳಲಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಮಾತ್ರೆ ಎಷ್ಟೆಂದು ವೈದ್ಯರು ತೀರ್ಮಾನಿಸುತ್ತಾರೆ. 7ಕ್ಕಿಂತ ಕೆಳಗಿಳಿದರೆ ಮಾತ್ರೆ ನೆಚ್ಚಿಕೊಂಡು ಕೂರದೆ ದೊಡ್ಡಾಸ್ಪತ್ರೆಗೆ ಹೋಗಿ.

ದುಬಾರಿ ಮಲ್ಟಿವಿಟಮಿನ್ ಬೇಕೇ? ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 8,468 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕಬ್ಬಿಣ–ಫೋಲಿಕ್ ಆಸಿಡ್ ಕೊಟ್ಟು, ಅರ್ಧದಷ್ಟು ಮಂದಿಗೆ ಬಿ, ಸಿ, ಇ ವಿಟಮಿನ್‌ಗಳನ್ನೂ ಸೇರಿಸಿದ್ದರು. ಕಡಿಮೆ ತೂಕದ ಕೂಸುಗಳ ಪ್ರಮಾಣ ಶೇ 9.4ರಿಂದ 7.8ಕ್ಕೆ ಇಳಿಯಿತು, ಸರಾಸರಿ ತೂಕ ಹೆಚ್ಚಿದ್ದು 67 ಗ್ರಾಂ. ಲಾಭವಿದೆ, ಪವಾಡವಿಲ್ಲ. ವೈದ್ಯರು ಬರೆದರೆ ತೆಗೆದುಕೊಳ್ಳಿ. ಕೆಂಪು ಮಾತ್ರೆ ಬಿಟ್ಟು ಟಾನಿಕ್‌ಗೆ ದುಡ್ಡು ಸುರಿಯುವುದು ದಂಡ. ಸ್ವಂತಕ್ಕೆ ವಿಟಮಿನ್ ಎ ಮಾತ್ರೆಯನ್ನಂತೂ ನುಂಗಲೇಬೇಡಿ, ಅದು ಅತಿಯಾದರೆ ಭ್ರೂಣಕ್ಕೇ ಅಪಾಯ. ಇನ್ನು ಬೇಳೆ, ಮೊಟ್ಟೆ, ರಾಗಿ, ಸೊಪ್ಪಿನ ಊಟಕ್ಕೆ ಬದಲಿಯಾಗುವ ಮಾತ್ರೆ ಯಾವುದೂ ಇಲ್ಲ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ನೀವು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.