ಚಿಕ್ಕ ಕೈತೋಟಕ್ಕೆ ತರಕಾರಿ ಆಯ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರಿನಂಥ ಊರಿನಲ್ಲಿ 30×40 ನಿವೇಶನದಲ್ಲಿ ಮನೆ ಕಟ್ಟಿಸಿ, ಉಳಿದ ಹಿತ್ತಲ ತುಂಡಿನಲ್ಲೋ ತಾರಸಿಯ ಮೇಲೋ ತರಕಾರಿ ಬೆಳೆಯಲು ಹೊರಟವರಿಗೆ ಈ ಸೂಚನೆ. ಅರ್ಧ ಎಕರೆ ಇರುವವರು ಓದಬೇಕಿಲ್ಲ; ಅವರು ಏನು ಹಾಕಿದರೂ ನಡೆಯುತ್ತದೆ.

ಮಾಡಬೇಕಾದ್ದು

ಬೀಜ ಕೊಳ್ಳುವ ಮುಂಚೆ ಬಿಸಿಲು ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಹೋಗಿ ಪಕ್ಕದ ಮನೆಯ ನೆರಳು ಎಲ್ಲಿಯವರೆಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆರು ಗಂಟೆ ನೇರ ಬಿಸಿಲು ಬೀಳುವಲ್ಲಿ ಮಾತ್ರ ಬದನೆ, ಬೆಂಡೆ, ಮೆಣಸಿನಕಾಯಿಯಂಥ ಕಾಯಿ ಬಿಡುವ ಗಿಡ. ಮೂರು ನಾಲ್ಕು ಗಂಟೆ ಬಿದ್ದರೆ ಸೊಪ್ಪು. ಅದಕ್ಕೂ ಕಡಿಮೆಯೆಂದರೆ ಒಂದೆಲಗ, ದೊಡ್ಡಪತ್ರೆ ಹಾಕಿಕೊಳ್ಳಿ, ತಂಬುಳಿಗಾಯಿತು. ಜೂನ್‌ನಲ್ಲಿ ಎಳೆದ ಗೆರೆಯನ್ನು ಡಿಸೆಂಬರಿನಲ್ಲಿ ನಂಬಬೇಡಿ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮತ್ತೊಮ್ಮೆ ಎಳೆಯಿರಿ.

ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳಿ. ವಾರಕ್ಕೊಮ್ಮೆಯಾದರೂ ಒಲೆಗೇರುವ ತರಕಾರಿ ಮಾತ್ರ ಪಟ್ಟಿಗೆ ಬರಲಿ. ಯಾರೂ ತಿನ್ನದ ನವಿಲುಕೋಸನ್ನು ಚೆಂದವಾಗಿ ಬೆಳೆದು ಅಕ್ಕಪಕ್ಕದವರಿಗೆ ಹಂಚುವುದು ದಾನವಾದೀತು, ಕೈತೋಟವಾಗದು.

ಮೊದಲ ಜಾಗ ಸೊಪ್ಪಿಗೇ ಕೊಡಿ. ಅಂಗಡಿಯ ಸೊಪ್ಪು ಸಂಜೆಯೊಳಗೆ ಬಾಡುತ್ತದೆ, ಯಾವ ನೀರು ಕುಡಿದು ಬೆಳೆಯಿತೆಂದು ಕೊಂಡವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಬಿತ್ತಿದ ಮೆಂತ್ಯ, ಹರಿವೆ ತಿಂಗಳೊಳಗೆ ಬಸ್ಸಾರಿಗೆ ಸಿಗುತ್ತವೆ. ಹರಿವೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಕೇಳಿ; ಕೊಯ್ದ ಮೇಲೂ ಮತ್ತೆ ಮತ್ತೆ ಚಿಗುರುತ್ತದೆ. ಮೆಂತ್ಯಕ್ಕೆ ಪೊಟ್ಟಣವೇ ಬೇಡ, ಸಾಂಬಾರ ಡಬ್ಬಿಯ ಕಾಳು ಸಾಕು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿ. ಬಸಳೆಯ ಕಡ್ಡಿ ಚುಚ್ಚಿದರೆ ಮುಗಿಯಿತು. ಚಕ್ರಮುನಿಯೂ ಹಾಗೆಯೇ, ವರ್ಷಗಟ್ಟಲೆ ಚಿಗುರು ಕೊಡುತ್ತದೆ. ಆದರೆ ಅದನ್ನು ಬೇಯಿಸಿ, ಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ಮೈ ಇಳಿಸಲು ಅದರ ಹಸಿ ರಸ ಕುಡಿದವರ ಶ್ವಾಸಕೋಶ ಹಾಳಾಗಿತ್ತು.

ಬಳ್ಳಿಯೊಂದು ಬೇಕೇ ಬೇಕೆಂದರೆ ತೊಂಡೆ ಹಾಕಿ. ಕಾಯಿ ಬಿಡುವ ಬಳ್ಳಿಯಿಂದಲೇ ಕಡ್ಡಿ ತನ್ನಿ, ಬೀಜದಿಂದ ಬೆಳೆಸಬೇಡಿ. ಬೀಜದ ಗಿಡ ಗಂಡಾದರೆ ಬರೀ ಹೂವು. ಸಣ್ಣ ಸಂಸಾರಕ್ಕೆ ಒಂದೇ ಬಳ್ಳಿ ಸಾಲುತ್ತದೆ.

ಅವರೆಗೆ ಮಾತ್ರ ತಿಂಗಳು ನೋಡಿ. ನಾಟಿ ಅವರೆ ಹಗಲು ಕುಗ್ಗುವ ತನಕ ಹೂ ಬಿಡುವುದಿಲ್ಲ. ಮಾರ್ಚಿನಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬರೀ ಸೊಪ್ಪು ಹಬ್ಬಿಕೊಂಡು ಜಾಗ ತಿನ್ನುತ್ತದೆ. ಸೊಗಡೇ ಬೇಕೆನ್ನುವವರು ಜುಲೈ, ಆಗಸ್ಟಿನಲ್ಲಿ ಬಿತ್ತಿ ಡಿಸೆಂಬರಿನವರೆಗೆ ಕಾಯಬೇಕು. ಕಾಯಲಾಗದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ: ಗಿಡ್ಡ ಗಿಡ, ಹಗಲಿನ ಲೆಕ್ಕವಿಲ್ಲದೆ ಕಾಯಿ. ಸೊಗಡು ನಾಟಿಯದಷ್ಟಿಲ್ಲ ಎಂದು ನನ್ನ ನಾಲಿಗೆ ಹೇಳುತ್ತದೆ.

ಮಾಡಬಾರದ್ದು

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳಬೇಡಿ.

ಈರುಳ್ಳಿ, ಆಲೂಗಡ್ಡೆ ಬೇಡ. ಮೂಟೆಗಟ್ಟಲೆ ಬರುವ, ವಾರಗಟ್ಟಲೆ ಇಟ್ಟರೂ ಕೆಡದ ಸಾಮಾನಿಗೆ ನಿಮ್ಮ ಬಿಸಿಲು ಖರ್ಚು ಮಾಡಬಾರದು. ಹೂಕೋಸೂ ಬೇಡ. ಒಂದೂವರೆ ಅಡಿ ಜಾಗ ಹಿಡಿದು, ತಿಂಗಳುಗಟ್ಟಲೆ ಕಾಯಿಸಿ, ಒಂದೇ ಒಂದು ಹೂ ಕೊಟ್ಟು ಮುಗಿಯುತ್ತದೆ.

ಹಿತ್ತಲಲ್ಲಿ ನುಗ್ಗೆ ನೆಡಬೇಡಿ. ಕಂಬಳಿಹುಳು ಗೋಡೆಯ ಮೇಲೆಲ್ಲ ಹತ್ತುತ್ತದೆ, ಗಾಳಿಗೆ ಕೊಂಬೆ ಲಟಕ್ಕನೆ ಮುರಿದು ಪಕ್ಕದ ಮನೆಯ ಕಾರಿನ ಮೇಲೆ ಬಿದ್ದರೆ ಜಗಳ ಬೇರೆ.

ತಾರಸಿಯಲ್ಲಿ ಸೋರೆ, ಕುಂಬಳ ಬೇಡ. ಬಳ್ಳಿ ಇಡೀ ತಾರಸಿ ಕೇಳುತ್ತದೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪರಾಗ ತಲುಪದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಸೋರೆಯ ಹೂ ಅರಳುವುದೇ ಸಂಜೆ, ಜೇನು ಗೂಡಿಗೆ ಹೊರಡುವ ಹೊತ್ತು. ದಿನವೂ ಸಂಜೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುವ ವ್ಯವಧಾನ ಇದ್ದವರು ಮಾತ್ರ ಈ ಮಾತನ್ನು ಮೀರಬಹುದು.

ಮೊದಲ ವರ್ಷ ಟೊಮೆಟೊ ಬೇಡ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ, ಎಲೆ ಮುರುಟಿದ ಗಿಡ ನೋಡಿ ತೋಟವನ್ನೇ ಬಿಡುತ್ತಾರೆ. ಮಣ್ಣಿನ ಹದ ಕೈಗೆ ಬಂದ ಮೇಲೆ ಅದೇ ಹೆಸರಘಟ್ಟದ ಅರ್ಕಾ ರಕ್ಷಕ್ ಹಾಕಿ, ಮೂರು ರೋಗ ತಡೆಯುವ ತಳಿ. ಟೊಮೆಟೊ ಕಿತ್ತ ಮಣ್ಣಿಗೆ ಬದನೆ, ಮೆಣಸಿನಕಾಯಿ ಹಾಕಲೇಬೇಡಿ. ಒಂದೇ ಕುಟುಂಬದ ಗಿಡಗಳು, ಸೊರಗು ರೋಗ ಮಣ್ಣಿನಲ್ಲೇ ಕಾದಿರುತ್ತದೆ.

ಹೈಬ್ರಿಡ್ ಗಿಡದ ಬೀಜ ಎತ್ತಿಡಬೇಡಿ, ಮರುವರ್ಷ ತಾಯಿಯಂಥ ಕಾಯಿ ಬರುವುದಿಲ್ಲ. ಔಷಧ ಸವರಿ ಬಣ್ಣ ಹಚ್ಚಿದ ಬೀಜ ಮುಟ್ಟಿದ ಮೇಲೆ ಕೈ ತೊಳೆಯದೆ ಒಳಗೆ ಬರಬೇಡಿ.

ತಾರಸಿಯ ನಡುವೆ ದೊಡ್ಡ ಮಡಿ ಕಟ್ಟಬೇಡಿ. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕೆಜಿ ತೂಗುತ್ತದೆ. ಭಾರದ ಕುಂಡಗಳು ತೊಲೆ, ಗೋಡೆಯ ಮೇಲಿನ ಅಂಚಿಗಿರಲಿ. ಎಲ್ಲಿ ತೊಲೆ ಹೋಗಿದೆ ಎಂದು ತಿಳಿಯದಿದ್ದರೆ ಎಂಜಿನಿಯರನ್ನು ಕೇಳಿ.

ಮೊದಲ ವರ್ಷ ಹರಿವೆ, ಮೆಂತ್ಯ, ಬಸಳೆ, ಬದನೆ, ಹಸಿಮೆಣಸಿನಕಾಯಿ, ತೊಂಡೆ: ಈ ಆರು ಸಾಕು. ಏಳನೆಯದು ಬೇಕೆನಿಸಿದರೆ ಆರರಲ್ಲಿ ಒಂದನ್ನು ಕಿತ್ತು ನೆಡಿ.